ಹಾಲು ಮತ್ತು ಆಲು

ಬಹಳ ವರ್ಷಗಳ ಹಿಂದಿನ ಮಾತು. ನಾನು ಆಗತಾನೆ ಓದು ಮುಗಿಸಿ, ಹಳೆಯ ಮೈಸೂರು ಸೀಮೆಯ ಪೇಟೆಯೊಂದರ ಮಾಧ್ಯಮಿಕ ಶಾಲೆಯಲ್ಲಿ ಕನ್ನಡ ಕಲಿಸಲು ಸೇರಿದ್ದೆ. ಸುತ್ತಲಿನ ಹಳ್ಳಿಗಳಿಂದಲೂ ಮಕ್ಕಳು ನಡೆದು ಬರುತ್ತಿದ್ದರು. ಒಂದು ದಿನ ಹಸುವಿನ ವಿಷಯವಾದ ಪಾಠ. ಹಿಂದಿನ ಸಾಲಿನಲ್ಲಿದ್ದ ಹಳ್ಳಿಯ ಹುಡುಗನೊಬ್ಬನನ್ನು ಎಬ್ಬಿಸಿ ಓದಿಸಿದೆ. ಅವನು ತಡವರಿಸದೆ, ಗಟ್ಟಿ ದನಿಯಲ್ಲಿ, ‘ಅಸು ಆಲು ಕೊಡುತ್ತದೆ’ ಎಂದು ಓದಿದ. ‘ಆಲು ಅಲ್ಲ, ಹಾಲು’ ಎಂದು ನಾನು ತಿದ್ದಿದೆ. ಅವನು ಮತ್ತೆ ‘ಆಲು’ ಎಂದ. ಐದಾರು ಸಲ ಹೇಳಿಸಿದೆ. ಪೇಟೆಯ ಮಕ್ಕಳು ನಕ್ಕರು. ನಾನೂ ನಕ್ಕೆನೆಂದು ತೋರುತ್ತದೆ. ಮರುದಿನ ಅದೇ ಹುಡುಗ ತುಂಬ ಎಚ್ಚರಿಕೆಯಿಂದ ಎದ್ದು ನಿಂತು, ಕಾಡಿನ ಪ್ರಾಣಿಗಳ ಹೆಸರು ಹೇಳುವಾಗ ಆನೆಯನ್ನು ‘ಹಾನೆ’ ಎಂದ. ನಗು ಇಮ್ಮಡಿಯಾಯಿತು. ಆಮೇಲೆ ಆ ವರ್ಷವೆಲ್ಲ ಅವನು ತಾನಾಗಿ ಬಾಯಿ ತೆರೆದುದನ್ನು ನಾನು ಕಾಣಲಿಲ್ಲ.

ಆ ಹುಡುಗ ಮಾಡಿದ ತಪ್ಪು ಯಾವುದು? ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಮುಂದೆ ಭಾಷಾವಿಜ್ಞಾನದ ಪರಿಚಯವಾದ ಮೇಲೆ. ಇಂದಿನ ಭಾಷಣದಲ್ಲಿ ಆ ಶಾಸ್ತ್ರದ ಮುಖ್ಯ ಶಾಖೆಗಳನ್ನು ಈ ಒಂದು ಪ್ರಶ್ನೆಯ ಬೆನ್ನು ಹಿಡಿದು ತಮ್ಮ ಮುಂದಿಡಲು ಯತ್ನಿಸುತ್ತೇನೆ.

ಭಾಷಾವಿಜ್ಞಾನವೆಂದರೆ ಹತ್ತಾರು ಭಾಷೆಗಳನ್ನು ಕಲಿಯುವ ವಿದ್ಯೆಯೆಂದು ಕೆಲವರು ತಿಳಿದಿದ್ದಾರೆ. ಶುದ್ಧವಾಗಿ ಮಾತನಾಡುವುದನ್ನು ಕಲಿಸುವ ವಿದ್ಯೆಯೆಂದು ಮತ್ತೆ ಕೆಲವರು. ಎರಡೂ ಸರಿಯಲ್ಲ. ಜನ ಹೇಗೆ ಮಾತನಾಡುತ್ತಾರೆ, ಆಡಿದ್ದು ಕೇಳಿದವರಿಗೆ ಹೇಗೆ ತಿಳಿಯುತ್ತದೆ, ಕಾಲ ಸರಿದಂತೆ ಅದು ಏಕೆ ಬದಲಾಗುತ್ತದೆ - ಇವು ಅದರ ಪ್ರಶ್ನೆಗಳು. ‘ಹೀಗೆ ಆಡತಕ್ಕದ್ದು’ ಎಂದು ಅಪ್ಪಣೆ ಕೊಡುವ ಮೊದಲು ‘ಹೀಗೆ ಆಡುತ್ತಾರೆ’ ಎಂಬುದನ್ನು ಅದು ನಿಷ್ಪಕ್ಷಪಾತವಾಗಿ ಗುರುತಿಸುತ್ತದೆ. ಈ ದೃಷ್ಟಿ ನಮಗೆ ಹೊಸದೇನಲ್ಲ. ಕ್ರಿಸ್ತಪೂರ್ವದಲ್ಲಿ ಬಾಳಿದ ಪಾಣಿನಿ ತನ್ನ ಅಷ್ಟಾಧ್ಯಾಯಿಯ ಸುಮಾರು 4000 ಸೂತ್ರಗಳಲ್ಲಿ ಒಂದು ಭಾಷೆಯ ಕಟ್ಟಡವನ್ನೆಲ್ಲ ಬಿಚ್ಚಿ ತೋರಿಸಿದ. ಪೂರ್ವದವರ, ಉತ್ತರದವರ ಮತಗಳು ಬೇರೆಯಾದಲ್ಲಿ ಅವನ್ನೂ ಹೇಳಿದ. ಆಧುನಿಕ ಕಾಲದಲ್ಲಿ ಈ ಶಾಸ್ತ್ರಕ್ಕೆ ಹೊಸ ತಳಹದಿ ಹಾಕಿದವನು ಜಿನೀವಾದ ಫರ್ಡಿನಾಂಡ್ ಡ ಸಸ್ಯೂರ್. ಅವನು 1913ರಲ್ಲಿ ತೀರಿಕೊಂಡ ಮೇಲೆ ಅವನ ಉಪನ್ಯಾಸಗಳು ವಿದ್ಯಾರ್ಥಿಗಳ ಟಿಪ್ಪಣಿಗಳ ಆಧಾರದಿಂದ 1916ರಲ್ಲಿ ಗ್ರಂಥರೂಪಕ್ಕೆ ಬಂದವು. ಭಾಷೆಯನ್ನು ಅವನು ಚದುರಂಗಕ್ಕೆ ಹೋಲಿಸಿದ. ಕುದುರೆಯ ಕಾಯಿ ಕಳೆದುಹೋದರೆ ಅದರ ಜಾಗದಲ್ಲಿ ಒಂದು ಹರಳನ್ನಿಟ್ಟು ಆಟ ಮುಂದುವರಿಸಬಹುದು. ಕಾಯಿಯ ಬೆಲೆ ಅದು ಯಾವ ಮರದ್ದು ಎಂಬುದರಲ್ಲಿಲ್ಲ. ಉಳಿದ ಕಾಯಿಗಳಿಗಿಂತ ಅದರ ನಡೆ ಬೇರೆ ಎಂಬುದರಲ್ಲಿದೆ. ಭಾಷೆಯ ದನಿಗಳೂ ಹಾಗೆಯೇ.

ಮೊದಲು ಈ ದನಿಗಳ ವಿಚಾರ. ಇವುಗಳ ಉತ್ಪತ್ತಿಯನ್ನು ಪರಿಶೀಲಿಸುವ ಶಾಖೆ ಧ್ವನಿವಿಜ್ಞಾನ. ಕೇಳುಗರು ಅಂಗೈಯನ್ನು ಬಾಯ ಮುಂದೆ ಹಿಡಿದು ‘ಪ’ ಎಂದು ನೋಡಲಿ. ತುಟಿಗಳೆರಡೂ ಕೂಡಿ, ಉಸಿರು ಅವುಗಳ ಹಿಂದೆ ಕ್ಷಣಕಾಲ ತಡೆದು, ಬಳಿಕ ಸಿಡಿಯುತ್ತದೆ. ಈಗ ‘ಹ’ ಎಂದು ನೋಡಲಿ. ತುಟಿ ಕೂಡುವುದಿಲ್ಲ, ನಾಲಗೆ ಎಲ್ಲಿಯೂ ತಾಗುವುದಿಲ್ಲ. ಗಂಟಲಿನಿಂದ ಹೊರಟ ಉಸಿರು ಬಾಯಲ್ಲಿ ಅಡ್ಡಿಯಿಲ್ಲದೆ ಹರಿಯುತ್ತದೆ. ಹಕಾರವೆಂದರೆ ದನಿಯಾಗಿ ಕೇಳಿಸುವ ಉಸಿರು, ಅಷ್ಟೆ. ಅದನ್ನೂ ಕೈಬಿಟ್ಟರೆ ಉಳಿಯುವುದು ಬರಿಯ ಸ್ವರ. ಈ ಮೂರು ಮೆಟ್ಟಿಲುಗಳನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಇದೇ ದಾರಿಯಲ್ಲಿ ಮತ್ತೆ ಬರಬೇಕಾಗಿದೆ.

ಬಾಯಿ ಹೊರಡಿಸಬಲ್ಲ ದನಿಗಳು ಅಸಂಖ್ಯ. ಅವುಗಳಲ್ಲಿ ಒಂದು ಭಾಷೆ ಅರ್ಥಭೇದಕ್ಕೆ ಬಳಸಿಕೊಳ್ಳುವುದು ಕೆಲವನ್ನು ಮಾತ್ರ. ಹಾಗೆ ಅರ್ಥಭೇದವನ್ನು ಉಂಟುಮಾಡುವ ಘಟಕಕ್ಕೆ ಧ್ವನಿಮಾ ಎಂದು ಹೆಸರು. ಹುಲಿ ಬೇರೆ, ಹುಳಿ ಬೇರೆ. ಬಲೆ ಬೇರೆ, ಬಳೆ ಬೇರೆ. ನಾಲಗೆಯ ತುದಿ ಹಲ್ಲಿನ ಬುಡವನ್ನು ಮುಟ್ಟಿತೋ ಮೇಲಕ್ಕೆ ಮಡಿಚಿಕೊಂಡಿತೋ ಎಂಬ ಸಣ್ಣ ವ್ಯತ್ಯಾಸ ಮೃಗವನ್ನು ರುಚಿಯಾಗಿಸುತ್ತದೆ, ಬೇಡನ ಸಾಧನವನ್ನು ಕೈಯ ಒಡವೆಯಾಗಿಸುತ್ತದೆ. ಆದರೆ ಎಲ್ಲ ವ್ಯತ್ಯಾಸಗಳನ್ನೂ ನಾವು ಹೀಗೆ ಗಮನಿಸುವುದಿಲ್ಲ. ಅಂಕ, ಅಂಚು, ಅಂಟು, ಅಂದ, ಅಂಬು - ಈ ಐದು ಶಬ್ದಗಳನ್ನು ನಿಧಾನವಾಗಿ ಉಚ್ಚರಿಸಿದರೆ, ಒಂದೇ ಸೊನ್ನೆಯಿಂದ ಬರೆಯುವ ಅನುನಾಸಿಕ ಐದು ಕಡೆ ಐದು ಬಗೆಯಾಗಿ ಹೊರಡುವುದು ತಿಳಿಯುತ್ತದೆ. ಅಂಕದಲ್ಲಿ ನಾಲಗೆಯ ಹಿಂಭಾಗ ಮೇಲೇರುತ್ತದೆ. ಅಂಬುವಿನಲ್ಲಿ ತುಟಿ ಮುಚ್ಚುತ್ತದೆ. ಇದನ್ನು ನಮಗೆ ಯಾರೂ ಕಲಿಸಲಿಲ್ಲ. ಅಕ್ಷರವರಿಯದ ಮುದುಕಿಯೂ ಇಲ್ಲಿ ತಪ್ಪುವುದಿಲ್ಲ. ಮುಂದೆ ಬರುವ ವ್ಯಂಜನದ ಸ್ಥಾನಕ್ಕೆ ಅನುನಾಸಿಕ ತಾನಾಗಿ ಹೊಂದಿಕೊಳ್ಳುತ್ತದೆ.

ಇಂಥದೇ ಇನ್ನೊಂದು ನಿಯಮ. ನಮ್ಮಲ್ಲಿ ಬಹುಮಂದಿ ‘ಎಲೆ’ ಎಂದು ಬರೆದು ‘ಯೆಲೆ’ ಎನ್ನುತ್ತೇವೆ. ‘ಒಲೆ’ ಎಂದು ಬರೆದು ‘ವೊಲೆ’ ಎನ್ನುತ್ತೇವೆ. ಪದದ ಮೊದಲಿನ ಎಕಾರಕ್ಕೆ ಯಕಾರದ, ಒಕಾರಕ್ಕೆ ವಕಾರದ ಆಸರೆ ತಾನಾಗಿ ಒದಗುತ್ತದೆ. ಈಗ ನನ್ನ ವಿದ್ಯಾರ್ಥಿಯ ಮಾತನ್ನು ನೋಡೋಣ. ಅವನ ಮನೆಮಾತಿನಲ್ಲಿ ಪದಾದಿಯ ಹಕಾರವಿಲ್ಲ: ಹಾಲು ‘ಆಲು’, ಹಳ್ಳಿ ‘ಅಳ್ಳಿ’. ಹಾಗಾದರೆ ಹೆಂಡ ‘ಎಂಡ’ವಾಗಬೇಕು. ಆದರೆ ಅದು ಅಷ್ಟಕ್ಕೆ ನಿಲ್ಲುವುದಿಲ್ಲ. ಹಕಾರ ಹೋದೊಡನೆ ಎಕಾರ ಮೊದಲಿಗೆ ಬಂತು, ಬಂದೊಡನೆ ನಮ್ಮೆಲ್ಲರ ಯಕಾರದ ನಿಯಮ ಅದಕ್ಕೂ ಅನ್ವಯಿಸಿತು, ‘ಯೆಂಡ’ ಎಂದಾಯಿತು. ರಾಜರತ್ನಂ ಅವರ ‘ರತ್ನನ ಪದಗಳು’ ಓದಿದವರಿಗೆ ಈ ರೂಪ ಚೆನ್ನಾಗಿ ಗೊತ್ತು. ಹೋಗು ‘ವೋಗು’ ಆಗುವುದೂ ಹೀಗೆಯೇ. ಎರಡು ನಿಯಮಗಳು ಒಂದರ ಬೆನ್ನಿಗೊಂದು, ಕ್ರಮ ತಪ್ಪದೆ ಕೆಲಸಮಾಡುತ್ತಿವೆ. ಇದನ್ನು ನಾವು ಬಾಯಿ ತಿರುಗದವರ ಅಡ್ಡಾದಿಡ್ಡಿ ಮಾತು ಎನ್ನುತ್ತಿದ್ದೆವು.

ಹಕಾರ ಬಿಟ್ಟರೆ ಅರ್ಥ ಕೆಡುವುದಿಲ್ಲವೆ ಎಂದು ಕೇಳಬಹುದು. ಹಾಡು, ಆಡು ಎರಡೂ ಒಂದಾಗುತ್ತವೆ, ನಿಜ. ಆದರೆ ‘ಹತ್ತು’ ಎಂಬ ಒಂದೇ ಶಬ್ದದಿಂದ ನಾವು ಸಂಖ್ಯೆಯನ್ನೂ ಹೇಳುತ್ತೇವೆ, ಮರ ಏರುವುದನ್ನೂ ಹೇಳುತ್ತೇವೆ. ಯಾರೂ ಗೊಂದಲಕ್ಕೆ ಬೀಳಲಿಲ್ಲ. ಸಂದರ್ಭವೆಂಬುದು ಭಾಷೆಯ ಅರ್ಧ ಭಾರವನ್ನು ಹೊರುತ್ತದೆ.

ದನಿಗಳು ಕೂಡಿ ಅರ್ಥವುಳ್ಳ ಚಿಕ್ಕ ಘಟಕಗಳಾಗುತ್ತವೆ. ಇವಕ್ಕೆ ಆಕೃತಿಮಾ ಎಂದು ಹೆಸರು. ಇವುಗಳಿಂದ ಪದಗಳು ರೂಪುಗೊಳ್ಳುವ ಬಗೆಯನ್ನು ತಿಳಿಸುವುದು ಆಕೃತಿಮಾ ವಿಜ್ಞಾನ. ಮನೆಗೆ, ಮರಕ್ಕೆ, ಊರಿಗೆ, ತಮ್ಮನಿಗೆ - ಒಂದೇ ಚತುರ್ಥಿ ಎಷ್ಟು ವೇಷಗಳಲ್ಲಿ ಬಂದಿದೆ! ಶಾಲೆಗೆ ಕಾಲಿಡುವ ಮೊದಲೇ ಕನ್ನಡದ ಮಗು ‘ಮನೆಕ್ಕೆ’ ಎನ್ನುವುದನ್ನು ಬಿಟ್ಟಿರುತ್ತದೆ. ಹೊಸ ಶಬ್ದ ಬಂದರೂ ಈ ಜ್ಞಾನ ಕೈಬಿಡುವುದಿಲ್ಲ. ಹಳಗನ್ನಡದ ಕಲ್, ಕಣ್ ಎಂಬವು ಇಂದು ಕಲ್ಲು, ಕಣ್ಣು ಆಗಿವೆ. ಕಾಲ್, ನೂಲ್ ಎಂಬವು ಕಾಲು, ನೂಲು ಆಗಿವೆ. ಹ್ರಸ್ವಸ್ವರದ ಮುಂದೆ ವ್ಯಂಜನ ಇಮ್ಮಡಿಸಿತು. ದೀರ್ಘಸ್ವರದ ಮುಂದೆ ಒಂಟಿಯಾಗಿ ಉಳಿಯಿತು. ಈಗ ಇಂಗ್ಲಿಷಿನಿಂದ ಬಂದ ಅತಿಥಿಗಳನ್ನು ನೋಡಿ: ಬಸ್ ‘ಬಸ್ಸು’ ಆಯಿತು, ಪೆನ್ ‘ಪೆನ್ನು’ ಆಯಿತು, ಕಾರ್ ಮಾತ್ರ ‘ಕಾರು’, ಸ್ಕೂಲ್ ‘ಸ್ಕೂಲು’. ಯಾವ ಪಂಡಿತಮಂಡಲಿಯೂ ಸಭೆ ಸೇರಿ ಇದನ್ನು ನಿರ್ಧರಿಸಲಿಲ್ಲ. ಕಲ್ಲು, ಕಾಲುಗಳನ್ನು ರೂಪಿಸಿದ ಅಚ್ಚಿನಲ್ಲಿಯೇ ಜನ ಬಸ್ಸು, ಕಾರುಗಳನ್ನು ಎರಕ ಹೊಯ್ದರು.

ಮೂರು ವರ್ಷದ ಮಗುವೊಂದು ‘ಅಮ್ಮ ಕೊಡಿದಳು’ ಎಂದುದನ್ನು ಒಮ್ಮೆ ಕೇಳಿದೆ. ದೊಡ್ಡವರಾರೂ ಹಾಗೆ ಹೇಳುವುದಿಲ್ಲ. ಆದ್ದರಿಂದ ಅದು ಕೇಳಿ ಕಲಿತದ್ದಲ್ಲ. ಮಾಡು - ಮಾಡಿದಳು, ನೋಡು - ನೋಡಿದಳು. ಹಾಗಾದರೆ ಕೊಡು - ಕೊಡಿದಳು. ಮಗು ಶಬ್ದಗಳನ್ನು ಗಿಳಿಯಂತೆ ಒಪ್ಪಿಸುತ್ತಿರಲಿಲ್ಲ. ಕೇಳಿದ ಮಾತಿನಿಂದ ಸೂತ್ರವನ್ನು ತೆಗೆದು ಪ್ರಯೋಗಿಸಿ ನೋಡುತ್ತಿತ್ತು. ನನ್ನ ಹುಡುಗನ ‘ಹಾನೆ’ ನನಗೆ ಅರ್ಥವಾದದ್ದು ಆಗ. ‘ನೀನು ಆ ಎನ್ನುವಲ್ಲಿ ಹಾ ಎನ್ನಬೇಕು’ ಎಂದು ನಾನು ಹಿಂದಿನ ದಿನ ಸೂತ್ರ ಕೊಟ್ಟಿದ್ದೆ. ಅವನು ಅದನ್ನು ಶ್ರದ್ಧೆಯಿಂದ ಪಾಲಿಸಿದ್ದ. ಯಾವ ‘ಆ’ಗೆ ಹಕಾರ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಅವನ ಕಿವಿ ಎಂದೂ ಕೇಳಿರಲಿಲ್ಲ. ಇದು ಎಲ್ಲ ಕಾಲದ, ಎಲ್ಲ ದೇಶದ ಕಥೆ. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ರೋಮಿನ ಕವಿ ಕಟಲ್ಲಸ್, ಬೇಡದ ಕಡೆಯಲ್ಲೆಲ್ಲ ಹಕಾರ ಸೇರಿಸುತ್ತಿದ್ದ ಒಬ್ಬನನ್ನು ಹಾಸ್ಯಮಾಡಿ ಕವಿತೆ ಬರೆದಿದ್ದಾನೆ. ಆ ಲ್ಯಾಟಿನ್ನಿನ ಸಂತಾನವಾದ ಇಟಾಲಿಯನ್, ಫ್ರೆಂಚ್ ಭಾಷೆಗಳಲ್ಲಿ ಮುಂದೆ ಆ ಹಳೆಯ ಹಕಾರವೇ ಉಚ್ಚಾರಣೆಯಿಂದ ಅಳಿದುಹೋಯಿತು!

ಪದಗಳು ಸೇರಿ ವಾಕ್ಯವಾಗುವ ಬಗೆಯನ್ನು ಪರಿಶೀಲಿಸುವುದು ವಾಕ್ಯವಿಜ್ಞಾನ. ‘ಹಳೆಯ ಪುಸ್ತಕದ ಅಂಗಡಿ’ ಎಂದರೆ ಏನು? ಹಳೆಯದು ಪುಸ್ತಕವೋ ಅಂಗಡಿಯೋ? ಶಬ್ದಗಳು ಅವೇ, ಅವುಗಳ ಸಾಲೂ ಅದೇ. ಆದರೂ ಎರಡು ಅರ್ಥ. ಅಂದರೆ ವಾಕ್ಯವೆಂಬುದು ಮಣಿಗಳ ಸರವಲ್ಲ. ಒಳಗೆ ಯಾವುದು ಯಾವುದರೊಡನೆ ಕೂಡಿಕೊಂಡಿದೆ ಎಂಬ ಕಟ್ಟು ಅದಕ್ಕಿದೆ. ‘ನಾನು ಓಡುತ್ತೇನೆ’ ಎನ್ನುವ ನಾವು ‘ನಾನು ಹಸಿವಾಗುತ್ತೇನೆ’ ಎನ್ನುವುದಿಲ್ಲ. ‘ನನಗೆ ಹಸಿವಾಗುತ್ತದೆ’ ಎನ್ನುತ್ತೇವೆ. ಓಟ ನಾವು ಮಾಡುವುದು, ಹಸಿವು ನಮಗೆ ಒದಗುವುದು. ಈ ವಿವೇಕ ಕನ್ನಡದ ವಾಕ್ಯದೊಳಗೇ ಇದೆ. ಮಿತವಾದ ನಿಯಮಗಳಿಂದ ಅಮಿತವಾದ ವಾಕ್ಯಗಳು ಹೇಗೆ ಹುಟ್ಟುತ್ತವೆ ಎಂಬ ಪ್ರಶ್ನೆಯನ್ನು ನೋಮ್ ಚಾಮ್ಸ್ಕಿ 1957ರ ತನ್ನ ಚಿಕ್ಕ ಗ್ರಂಥದಲ್ಲಿ ಎತ್ತಿದ ಮೇಲೆ ಈ ಶಾಖೆಗೆ ಹೊಸ ಕಳೆ ಬಂತು. ಹಿಂದೆಂದೂ ಯಾರೂ ಆಡದ ವಾಕ್ಯವನ್ನು ನಾವು ಈ ಕ್ಷಣ ಆಡಬಲ್ಲೆವು. ಕೇಳಿದವರು ತಡೆಯಿಲ್ಲದೆ ತಿಳಿಯಬಲ್ಲರು.

ಅರ್ಥವಿಜ್ಞಾನ ಇನ್ನೊಂದು ಶಾಖೆ. ಇದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಿಲ್ಲ. ‘ಆಕಾಶವಾಣಿ’ ಎಂದರೆ ನಮ್ಮ ಪುರಾಣಗಳಲ್ಲಿ ಅಶರೀರವಾಣಿ. ಕಂಸನಿಗೆ ಅವನ ಸಾವನ್ನು ಮುಂತಿಳಿಸಿದ ದನಿ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಕೇಂದ್ರಕ್ಕೆ ಆ ಹೆಸರು ಬಂತು. ಮುಂದೆ ಅದು ದೇಶದ ಬಾನುಲಿಯ ಹೆಸರೇ ಆಯಿತು. ಶಬ್ದ ಹಳೆಯದು, ಅರ್ಥ ಹೊಸದು. ಶಬ್ದಾರ್ಥವನ್ನೂ ಮೀರಿದ ಅರ್ಥವಿದೆ. ಮನೆಯಿಂದ ಹೊರಡುವವನು ‘ಹೋಗುತ್ತೇನೆ’ ಎಂದರೆ ಹಿರಿಯರು ತಡೆಯುತ್ತಾರೆ. ‘ಹೋಗಿ ಬರುತ್ತೇನೆ’ ಎನ್ನಬೇಕು. ಮರಳುವ ದಿನವನ್ನು ತಿಳಿಸುವುದು ಅಲ್ಲಿ ಉದ್ದೇಶವಲ್ಲ. ಅಗಲಿಕೆಯನ್ನು ಹಗುರಮಾಡುವುದು ಉದ್ದೇಶ.

ಇನ್ನು ಐತಿಹಾಸಿಕ ಭಾಷಾವಿಜ್ಞಾನ. ನನ್ನ ಪ್ರಶ್ನೆಗೆ ಉತ್ತರ ದೊರೆತದ್ದು ಇಲ್ಲಿ. ಹಾಲು, ಹುಲಿ, ಹೂ, ಹತ್ತು ಎಂಬ ನಮ್ಮ ಶಬ್ದಗಳಿಗೆ ತಮಿಳಿನಲ್ಲಿ ಪಾಲ್, ಪುಲಿ, ಪೂ, ಪತ್ತು ಎನ್ನುತ್ತಾರೆ. ನಮ್ಮ ಕರಾವಳಿಯ ತುಳುವಿನಲ್ಲಿ ಹುಲಿ ‘ಪಿಲಿ’, ಹೂ ‘ಪೂ’. ಇಂಥ ಹೋಲಿಕೆಗಳು ಆಕಸ್ಮಿಕವಲ್ಲ, ಈ ಭಾಷೆಗಳೆಲ್ಲ ಒಂದೇ ಮೂಲದಿಂದ ಬಂದ ಸೋದರಿಯರು ಎಂಬುದನ್ನು ಫ್ರಾನ್ಸಿಸ್ ಎಲ್ಲಿಸ್ 1816ರಲ್ಲಿ ಸೂಚಿಸಿದ. ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನೇ ಬರೆದ. ಹಳಗನ್ನಡದಲ್ಲಿ ನಮ್ಮದೂ ಪಾಲ್, ಪುಲಿ, ಪೂ, ಪತ್ತು. ಸುಮಾರು 10ನೆಯ ಶತಮಾನದಿಂದೀಚೆಗೆ ಹಕಾರದ ರೂಪಗಳು ತಲೆದೋರಿ, ನಡುಗನ್ನಡದ ಕಾಲಕ್ಕೆ ನೆಲೆಗೊಂಡವು. ಈ ಪಲ್ಲಟವೂ ಕ್ರಮಬದ್ಧವೇ. ಅಪ್ಪ, ಉಪ್ಪು, ತುಪ್ಪಗಳಲ್ಲಿ ಒತ್ತಕ್ಷರದ ಪಕಾರ ಜಗ್ಗಲಿಲ್ಲ; ಕೆಂಪು, ತಂಪುಗಳಲ್ಲಿ ಅನುನಾಸಿಕದ ಆಸರೆ ಪಡೆದು ಉಳಿಯಿತು.

ಹೀಗೆ ಮೊದಲನೆಯ ಮೆಟ್ಟಿಲು ಪಾಲ್, ಎರಡನೆಯದು ಹಾಲು. ಮೂರನೆಯದು ಆಲು! ತುಟಿಯ ತಡೆ ಸಡಿಲಿ ಬರಿಯ ಉಸಿರಾಯಿತು. ಉಸಿರೂ ಅಡಗಿ ಸ್ವರ ಮಾತ್ರ ನಿಂತಿತು. ಸ್ಪ್ಯಾನಿಷ್ ಭಾಷೆಯಲ್ಲಿ ಇಂಥದೇ ನಡೆದಿದೆ. ಲ್ಯಾಟಿನ್ನಿನಲ್ಲಿ ಹಿಟ್ಟಿಗೆ ‘ಫರೀನಾ’ ಎಂದು ಹೆಸರು. ಸ್ಪ್ಯಾನಿಷಿನಲ್ಲಿ ಮೊದಲಿನ ದನಿ ಹಕಾರವಾಗಿ, ಆಮೇಲೆ ಲೋಪವಾಗಿ, ಇಂದು ‘ಅರೀನಾ’ ಎನ್ನುತ್ತಾರೆ. ಬರವಣಿಗೆಯಲ್ಲಿ ಮಾತ್ರ ಹಕಾರ ಉಳಿದಿದೆ. ಅಲ್ಲಿನ ಪಂಡಿತರು ಆಡುವ ಮಾತೂ ಇದೇ.

ಹಾಲು ಎಂದು ಮೊದಲು ಉಚ್ಚರಿಸಿದ ತಲೆಮಾರಿನ ಹುಡುಗನೊಬ್ಬನನ್ನು ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ. ‘ಹಾಲು ಅಲ್ಲ, ಪಾಲ್, ತುಟಿ ಕೂಡಿಸು’ ಎಂದು ಅವನ ಉಪಾಧ್ಯಾಯ ಗದರಿಸಿರಬಹುದು. ಅವನ ಓರಗೆಯವರೂ ನಕ್ಕಿರಬಹುದು. ಆ ಹುಡುಗನ ಅಶುದ್ಧವೇ ನನ್ನ ಶುದ್ಧ. ಅದನ್ನು ಹಿಡಿದುಕೊಂಡು ನಾನು ಇನ್ನೊಬ್ಬ ಹುಡುಗನನ್ನು ತಿದ್ದಲು ನಿಂತಿದ್ದೆ. ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ‘ೞ’ಕಾರದ ಶಬ್ದಗಳನ್ನು ಜತನದಿಂದ ಪಟ್ಟಿಮಾಡಿದ್ದಾನೆ. ಆ ಅಕ್ಷರವನ್ನು ಕಳೆದುಕೊಂಡ ಬಾಯಿಂದಲೇ ನಾವೆಲ್ಲ ಬಾಳೆಹಣ್ಣು ಎನ್ನುತ್ತಿದ್ದೇವೆ; ಅದಕ್ಕಾಗಿ ಯಾರೂ ತಲೆ ತಗ್ಗಿಸುವುದಿಲ್ಲ.

ಹಾಗಾದರೆ ‘ಹಾಲು’ ಗೌರವದ ರೂಪ, ‘ಆಲು’ ಅಗೌರವದ ರೂಪ ಆದದ್ದು ಹೇಗೆ? ಇದು ಸಾಮಾಜಿಕ ಭಾಷಾವಿಜ್ಞಾನದ ಪ್ರಶ್ನೆ. ದನಿಯಲ್ಲಿ ಮಾನವೂ ಇಲ್ಲ, ಅವಮಾನವೂ ಇಲ್ಲ. ಆಡುವವರ ಅಂತಸ್ತು ಆಡಿದ ಮಾತಿಗೆ ಅಂಟಿಕೊಳ್ಳುತ್ತದೆ. ಓದಿದವರಲ್ಲಿ ಬಹುಮಂದಿ ‘ವಿಶೇಷ’ ಎಂಬಲ್ಲಿನ ಶಕಾರ ಷಕಾರಗಳನ್ನು ಒಂದೇ ಬಗೆಯಾಗಿ ಉಚ್ಚರಿಸುತ್ತೇವೆ. ವರ್ಣಮಾಲೆಯ ದೃಷ್ಟಿಯಿಂದ ಅದೂ ಲೋಪವೇ. ಆದರೆ ನಗುವವರಿಲ್ಲ, ಏಕೆಂದರೆ ನಗಬೇಕಾದವರೂ ಹಾಗೆಯೇ ಉಚ್ಚರಿಸುತ್ತಾರೆ. 2011ರ ಜನಗಣತಿಯಲ್ಲಿ ಸುಮಾರು 4 ಕೋಟಿ 37 ಲಕ್ಷ ಜನ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದರು. ಅವರೆಲ್ಲರ ಬಾಯಲ್ಲಿ ಕನ್ನಡ ಒಂದೇ ಆಗಿರುವುದು ಹೇಗೆ ಸಾಧ್ಯ? 9ನೆಯ ಶತಮಾನದ ಕವಿರಾಜಮಾರ್ಗಕಾರನೇ ಈ ಮಾತನ್ನು ಕಂಡುಕೊಂಡಿದ್ದ. ಕನ್ನಡಗಳು ಹಲವು, ದೇಸಿ ಬೇರೆ ಬೇರೆಯಾದುದರಿಂದ ಅವುಗಳ ದೋಷ ಇಷ್ಟೇ ಎಂದು ಎಣಿಸಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರ ಬಂದೀತು ಎಂಬುದು ಅವನ ಅಭಿಪ್ರಾಯ. ಒಂದು ನಾಲಗೆಯ ನಾನು ಆ ಎಣಿಕೆಗೆ ಕೈಹಾಕಿದ್ದೆ.

ಇಷ್ಟು ಹೇಳಿದ ಮಾತ್ರಕ್ಕೆ ಶಿಷ್ಟಭಾಷೆ ಬೇಡವೆಂದು ನಾನು ವಾದಿಸುತ್ತಿರುವೆನೆಂದು ಭಾವಿಸಬಾರದು. ಬೀದರಿನವರೂ ಚಾಮರಾಜನಗರದವರೂ ಒಂದೇ ಪತ್ರಿಕೆಯನ್ನು ಓದಬೇಕಾದರೆ ಸಮಾನವಾದ ಬರವಣಿಗೆಯೊಂದು ಬೇಕು. ಆ ಹುಡುಗ ಅರ್ಜಿ ಬರೆಯಬೇಕು, ಪರೀಕ್ಷೆಯಲ್ಲಿ ಗೆಲ್ಲಬೇಕು, ಹಳೆಯ ಕಾವ್ಯವನ್ನು ಓದಿ ಸುಖಿಸಬೇಕು. ಅದಕ್ಕೆ ‘ಹಾಲು’ ಎಂಬ ರೂಪ ಅವನಿಗೆ ತಿಳಿದಿರಲೇಬೇಕು. ಅದನ್ನು ಕಲಿಸಬಾರದಿತ್ತು ಎನ್ನುವುದಿಲ್ಲ. ಕಲಿಸಿದ ರೀತಿ ತಪ್ಪಾಯಿತು. ‘ನಿಮ್ಮ ಮನೆಯಲ್ಲಿ ಆಲು ಎನ್ನುತ್ತೀರಿ, ಪುಸ್ತಕದಲ್ಲಿ ಹಾಲು ಎಂದು ಬರೆಯುತ್ತಾರೆ, ಪಂಪನ ಕಾಲದಲ್ಲಿ ಪಾಲ್ ಎನ್ನುತ್ತಿದ್ದರು’ ಎಂದು ಹಲಗೆಯ ಮೇಲೆ ಮೂರನ್ನೂ ಬರೆದಿದ್ದರೆ ಸಾಕಾಗಿತ್ತು. ಎರಡು ನಿಮಿಷದ ಕೆಲಸ. ಅವನಿಗೆ ಒಂದು ಹೊಸ ರೂಪ ದೊರೆಯುತ್ತಿತ್ತು, ಹಳೆಯದನ್ನು ಕಳೆದುಕೊಳ್ಳಬೇಕಾಗಿರಲಿಲ್ಲ. ನಕ್ಕ ಮಕ್ಕಳಿಗೂ ತಮ್ಮ ಭಾಷೆಯ ಸಾವಿರ ವರ್ಷದ ಚರಿತ್ರೆ ಒಂದು ಲೋಟ ಹಾಲಿನಲ್ಲಿ ಕಾಣಿಸುತ್ತಿತ್ತು.

ಧ್ವನಿ, ಆಕೃತಿ, ವಾಕ್ಯ, ಅರ್ಥ, ಚರಿತ್ರೆ, ಸಮಾಜ ಎಂದು ನಾವು ಮಾಡಿಕೊಂಡ ಈ ವಿಭಾಗಗಳೆಲ್ಲ ಅಧ್ಯಯನದ ಅನುಕೂಲಕ್ಕೆ. ಮಾತನಾಡುವವನ ಬಾಯಲ್ಲಿ ಇವೆಲ್ಲ ಒಂದೇ ಉಸಿರಿನಲ್ಲಿ ನಡೆಯುತ್ತವೆ. ಅಂದು ಆ ಹುಡುಗ ಆಡಿದ ಮೂರು ಪದಗಳ ಚಿಕ್ಕ ವಾಕ್ಯದಲ್ಲಿಯೂ ಇವಿಷ್ಟೂ ಇದ್ದವು. ಕರ್ತೃ ಮೊದಲು ಬಂದಿತ್ತು, ಕರ್ಮ ನಡುವೆ ಇತ್ತು, ಕ್ರಿಯೆ ಕೊನೆಗೆ ನಿಂತು ಹಸುವಿಗೆ ಸಲ್ಲುವ ಪ್ರತ್ಯಯವನ್ನೇ ಪಡೆದಿತ್ತು. ನನ್ನ ಕಿವಿಗೆ ಬಿದ್ದದ್ದು ಇಲ್ಲದ ಎರಡು ಹಕಾರಗಳು ಮಾತ್ರ.

ಆ ಹುಡುಗ ಮುಂದೆ ಏನಾದನೋ ನನಗೆ ತಿಳಿಯದು. ಈಗ ಅವನಿಗೂ ಮೊಮ್ಮಕ್ಕಳಿರಬಹುದು. ಅವನೆಲ್ಲಿಯಾದರೂ ಇದನ್ನು ಕೇಳುತ್ತಿದ್ದರೆ, ಅಂದು ಅವನು ಓದಿದ್ದು ನನಗೆ ಚೆನ್ನಾಗಿಯೇ ತಿಳಿದಿತ್ತೆಂದು ಹೇಳಬಯಸುತ್ತೇನೆ. ಹಸು ಹಾಲು ಕೊಡುತ್ತದೆ ಎಂದು ಅವನು ಹೇಳಿದ್ದ. ಅದರಲ್ಲಿ ತಪ್ಪೇನೂ ಇರಲಿಲ್ಲ.